ರಾಣಿಸಾಹೇಬರಿಗೆ ನೀರಡಿಕೆ

ಹಳೆಯ ವಸ್ತುಗಳನ್ನು ಪ್ರೀತಿಸುವ ಗಂಡ ಸಿಕ್ಕರೆ ಹೆಂಡತಿಗೆ ಮುಪ್ಪಿನ ಭಯವಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ನಮ್ಮವರು ಆ ವಿಲಾಯಿತಿ ಕಾರನ್ನು ಬೀದರಿನ ಚಿದ್ರಿಯ ನಮ್ಮ ಮನೆಯಂಗಳಕ್ಕೆ ನಾಲ್ಕು ಜನರಿಂದ ತಳ್ಳಿಸಿಕೊಂಡು ಬಂದ ದಿನ ಆ ನಂಬಿಕೆ ಸಡಿಲವಾಯಿತು. ಇಂಗ್ಲೆಂಡಿನಲ್ಲಿ ಯಾರೋ ಲಾರ್ಡುಗಳಿಗೆಂದು ತಯಾರಾಗಿ, ಹೈದರಾಬಾದಿನ ನವಾಬರೊಬ್ಬರ ಮನೆಯಲ್ಲಿ ಮೆರೆದು, ಆಮೇಲೆ ಊರಾಚೆಯ ಕೊಳಾರದಲ್ಲಿ ಒಬ್ಬ ಗುತ್ತೇದಾರರ ಗೋದಾಮಿನಲ್ಲಿ ಕೋಳಿಗಳಿಗೆ ಆಶ್ರಯ ಕೊಟ್ಟು, ಕೊನೆಗೆ ನಮಗೆ ದಕ್ಕಿದ ಕಾರದು. ಒಳಗೆ ಅಕ್ರೋಟ ಮರದ ಹಲಗೆ, ನಮ್ಮ ಸೋಫಾಕ್ಕಿಂತ ಮೆತ್ತಗಿನ ಚರ್ಮದ ಸೀಟು. ಕಾಯಿಲೆಗಳೂ ಅಷ್ಟೇ ಖಾನದಾನಿ. ನಿಂತಲ್ಲಿ ಎಣ್ಣೆ ಸೋರುತ್ತಿತ್ತು. ಬಲಕ್ಕೆ ತಿರುಗುವ ದೀಪ ಹಾಕಿದರೆ ವೈಪರ್ ಕುಣಿಯುತ್ತಿತ್ತು. ಗುಂಡಿ ಒತ್ತಿದರೆ ಏರುವ ಕಿಟಕಿಯ ಗಾಜುಗಳು ಏರಿದ ಮೇಲೆ ಇಳಿಯಲು ಒಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ರೋಗ ಉಷ್ಣ. “ಠಂಡಿ ಮುಲುಕಿನ ಗಾಡಿ ಅದರಿ ಭಾಭಿ, ನಮ್ಮ ಬಿಸಲ ತಡಿಯಲ್ಲ” ಎಂದಿದ್ದ ಗ್ಯಾರೇಜಿನ ಮೇಸ್ತ್ರಿ. ನಮ್ಮವರು ಅದಕ್ಕೆ ‘ರಾಣಿಸಾಹೇಬ’ ಎಂದು ಹೆಸರಿಟ್ಟರು. ನನಗೆ ಮದುವೆಯಾದಂದಿನಿಂದ ‘ಏ, ಇಲ್ಲಿ ನೋಡು’ ಎಂಬುದೊಂದೇ ಹೆಸರು.

ಅದು ಮಳೆ ಕೈಕೊಟ್ಟ ವರ್ಷ. ಮೊಬೈಲು ಇನ್ನೂ ಬಂದಿರದ ಕಾಲ. ಔರಾದ ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಪುಣೆಯ ಕಡೆಯ ಇಟ್ಟಂಗಿ ಭಟ್ಟಿಗಳಿಗೆ ಹೊರಟಿದ್ದರು. ನಮ್ಮ ಮನೆಗೆಲಸದ ಶಾಂತಾಬಾಯಿಯ ಗಂಡ ತಮ್ಮೂರು ಡಾಬಕಾದಿಂದ ಊರವರೊಂದಿಗೆ ನೇರ ಭಾಲ್ಕಿ ಸ್ಟೇಷನ್ನಿಗೆ ಬರುವುದು, ಇವಳು ಬೀದರಿನಿಂದ ಬಸ್ಸಿನಲ್ಲಿ ಹೋಗಿ ಕೂಡಿಕೊಳ್ಳುವುದು ಎಂದು ಮಾತಾಗಿತ್ತು. ಅಂದು ಬಸ್ಸೇ ಬರಲಿಲ್ಲ. ಗಂಟುಗಳ ಸಮೇತ ವಾಪಸು ಬಂದವಳು ನಮ್ಮ ಹೊಸ್ತಿಲ ಹೊರಗೆ ಕುಸಿದು ಕೂತಳು. “ರೈಲ ಹ್ವಾದ್ರ ಅವನ್ನ ಎಲ್ಲಿ ಹುಡುಕಲ್ರಿ ಅಕ್ಕಾರ? ಯಾ ಭಟ್ಟಿ, ಯಾ ಊರು, ಕರ್ಕೊಂಡ ಹೋಗೋ ಮುಕಾದಮಗ ಒಬ್ಬವಗೇ ಗೊತ್ತದ.”

“ರಾಣಿಸಾಹೇಬ ಇರೋವಾಗ ಬಸ್ ಯಾಕ ಬೇಕು?” ಎಂದರು ನಮ್ಮವರು. ಶಾಂತಾಬಾಯಿಯ ಗಂಟುಗಳನ್ನು ಹಿಂದಿನ ಸೀಟಿಗೆ ಹಾಕಿ ಮೂವರೂ ಹೊರಟೆವು.

ಧೂಳಿಗೆಂದು ಗಾಜು ಏರಿಸಿದೆವು. ಅವು ಅಲ್ಲೇ ನಿಂತವು. ಅರ್ಧ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿ ಬಾನೆಟ್ಟಿನಿಂದ ಹಬೆ ಎದ್ದಿತು. ಪಕ್ಕದ ಹಳ್ಳಿಯಲ್ಲಿ ನೀರಿನ ಟ್ಯಾಂಕರ್ ಆಗಷ್ಟೇ ಬಂದುಹೋಗಿ, ಹೆಂಗಸರು ಕೊಡ ಹೊತ್ತು ಚದುರುತ್ತಿದ್ದರು. ನಮ್ಮವರು ಇಳಿದು, ಅಭ್ಯಾಸಬಲದಿಂದ ಕೂಗಿದರು: “ಅವ್ವಾರ, ರಾಣಿಸಾಹೇಬ್ರಿಗಿ ನೀರಡಿಕಿ ಆಗ್ಯಾದ, ಜರಾ ನೀರ ಕೊಡ್ರಿ!”

ಒಬ್ಬ ಮುದುಕಿ ತನ್ನ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದಳು. ಬಾನೆಟ್ಟಿನ ಕಡೆ ನೋಡಲೂ ಇಲ್ಲ. ನೇರ ನನ್ನ ಬಾಗಿಲು ತೆಗೆದು, “ಅಯ್ಯ, ಮಾರಿ ಹ್ಯಾಂಗ ಬಾಡ್ಯಾದ ನೋಡ್ರೆ! ಕುಡಿ ನನ್ನವ್ವಾ, ಪೂರಾ ಕುಡಿ” ಎಂದು ತಂಬಿಗೆಯನ್ನು ತುಟಿಗೇ ಹಿಡಿದಳು. ಅವಳ ಹಿಂದೆ ನಮ್ಮವರು ಎರಡೂ ಕೈ ಬೀಸಿ, ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದರು. ನಾನು ಶಾಂತಾಬಾಯಿಯ ಮುಖ ನೋಡಿದೆ. ರೈಲು ಅವಳದು, ಗಂಡ ಅವಳವನು. ಅವಳು ಮೆಲ್ಲಗೆ, “ಕುಡೀರಿ ಅಕ್ಕಾರ. ಕುಡಿಯೋ ನೀರ ಗಾಡಿಗಿ ಹ್ಯಾಂಗ ಹಾಕೋದು?” ಎಂದಳು. ಕುಡಿದೆ. ಇಷ್ಟು ಕಷ್ಟಪಟ್ಟು ನಾನು ಔಷಧವನ್ನೂ ಕುಡಿದಿಲ್ಲ.

ಉಳಿದದ್ದು ಮೇಸ್ತ್ರಿ ಹೇಳಿದ್ದ ಕಡೆಯ ಉಪಾಯ: ಹೀಟರು. ಅದನ್ನು ಪೂರಾ ಹಾಕಿದರೆ ಎಂಜಿನ್ನಿನ ಬಿಸಿ ಒಳಗಿನವರ ಮೈಗೆ ಬಂದು ಗಾಡಿ ತಂಪಾಗುತ್ತದಂತೆ. ಕಾರು ಒಂದಿಷ್ಟು ಆರಿದ ಮೇಲೆ ಹೊರಟೆವು. ಹೊರಗೆ ಬೀದರಿನ ಬಿಸಿಲು, ಒಳಗೆ ಇಂಗ್ಲೆಂಡಿನ ಚಳಿಗಾಲಕ್ಕೆಂದು ಮಾಡಿದ ಹೀಟರು, ಸುತ್ತ ಮುಚ್ಚಿದ ಗಾಜು. ಮಾತಾಡಿದರೆ ಮುಳ್ಳು ಏರುತ್ತದೇನೋ ಎಂಬಂತೆ ಮೂವರೂ ಅದನ್ನೇ ನೋಡುತ್ತ ಕೂತೆವು. ಕೊನೆಗೆ ಶಾಂತಾಬಾಯಿಯೇ ಬಾಯಿಬಿಟ್ಟಳು: “ಭಟ್ಟಿ ಇಲ್ಲೇ ಅದ, ಪುಣೆಕ್ಕ ಯಾಕ ಹೋಗ್ಬೇಕ್ರಿ?”

ಭಾಲ್ಕಿ ತಲುಪಿದಾಗ ರೈಲು ನಿಂತಿತ್ತು. ಅವಳದೊಂದು ಗಂಟು ನಾನು ತಲೆಯ ಮೇಲಿಟ್ಟುಕೊಂಡು ಓಡಿದೆ. ಡಬ್ಬಿಯ ಬಾಗಿಲಲ್ಲಿ ಗೋಣು ಚಾಚಿ ನಿಂತಿದ್ದ ಅವಳ ಗಂಡ ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡ. ಗಂಟು ಇಡಲು ನಾನೂ ಹತ್ತಿದೆ. ಬೆವರಿಗೆ ಸೀರೆ ಮೈಗಂಟಿತ್ತು, ತುರುಬು ಬಿಚ್ಚಿತ್ತು, ಕಣ್ಣಲ್ಲಿ ಯಾಕೋ ನೀರು. ಒಬ್ಬ ಹೆಂಗಸು ಸರಿದು ಜಾಗ ಮಾಡಿದಳು.

“ಕೂಡು ಬಾ, ಅಳಬ್ಯಾಡ. ಮೊದಲ್ನೇ ಸಲ ಹೊಂಟೀಯೇನು? ಇಟ್ಟಂಗಿ ಹೊರ್ಲಿಕ್ಕ ಬರ್ತದಿಲ್ಲ?”

ಕಾನ್ವೆಂಟಿನಲ್ಲಿ ನನಗೆ ಕ್ರೋಶಾ ಕಲಿಸಿದ್ದರು, ಚಮಚದ ಸದ್ದಾಗದಂತೆ ಸೂಪು ಕುಡಿಯುವುದನ್ನು ಕಲಿಸಿದ್ದರು. ಪ್ರಾಮಾಣಿಕವಾಗಿ “ಇಲ್ಲ” ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಮರುಗಿದಳು. “ಇರ್ಲಿ ತಗೋ. ನಿನಗ ಎಲ್ಲರ ಅಡಗಿಗಿ ಹಚ್ತೀವಿ.”

ರೈಲು ಕೂಗಿತು, ಗಡಬಡಿಸಿ ಇಳಿದೆ. ಅಷ್ಟು ಗಾಬರಿಯಲ್ಲೂ ನನಗೆ ಹೊಳೆದದ್ದು ಒಂದೇ: ಅಲ್ಲಿಗೆ ಹೋದರೂ ಅಡಿಗೆ ನನ್ನ ಪಾಲಿಗೇ ಬಂತಲ್ಲ!