ಸಂಕದ ಗೇಟು, ಬೆಲ್ಲ ನೀರು ಮತ್ತು ಪಂಚಾಯತಿನ ಬಸ್ಸು

ರಸ್ತೆಗೆ ಅಡ್ಡ ಒಂದು ಬಿದಿರು ಕಟ್ಟಿ, ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ನೋಡಿ. ಸಂಜೆಯೊಳಗೆ ನಗಲಿಕ್ಕೆ ನಾಲ್ಕು ಸಂಗತಿ ಸಿಗದಿದ್ದರೆ ನನ್ನನ್ನು ಕೇಳಿ. ನಾನು ಹಾಗೆ ಎರಡು ವರ್ಷ ಕೂತವನು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗಿನ ಮಾತು. ಬಂಟ್ವಾಳಕ್ಕೆ, ಬೆಳ್ತಂಗಡಿಗೆ, ಮೂಡುಬಿದಿರೆಗೆ ಹೋಗುವ ಬಸ್ಸುಗಳೆಲ್ಲ ಐದೈದು ನಿಮಿಷ ನಿಲ್ಲುವ ಒಂದು ಸಣ್ಣ ಪೇಟೆ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಈಗಲೂ ನನ್ನನ್ನು ಮದುವೆಗೆ ಕರೆಯುತ್ತಾರೆ. ನಾನು ಅಲ್ಲಿಯ ಟೌನ್ ಪಂಚಾಯತಿನಲ್ಲಿ ಬಿಲ್ ಕಲೆಕ್ಟರ್. ಸಿಟ್ಟು ಮೂಗಿನ ತುದಿಯಲ್ಲಿರುವ ಮನುಷ್ಯ. ಇಂಥವನನ್ನು ಜನರಿಂದ ದುಡ್ಡು ಕೇಳುವ ಕೆಲಸಕ್ಕೆ ಹಾಕಿದ್ದೇ ಮೊದಲನೆಯ ತಮಾಷೆ.

ಪೇಟೆಯ ಹೊರಗೆ ಒಂದು ಹೊಳೆ, ಹೊಳೆಗೆ ಒಂದು ಹಳೆಯ ಸಂಕ, ಅಂದರೆ ಸೇತುವೆ. ಸಂಕದ ಆಚೆ ಊರಿನಲ್ಲಿ ಮನೆಮನೆಯಲ್ಲೂ ಹೆಂಗಸರು ಬೀಡಿ ಕಟ್ಟುವವರು. ಕಟ್ಟಿದ ಬೀಡಿಯನ್ನು ದಿನಾ ಬೆಳಿಗ್ಗೆ ಪೇಟೆಯಲ್ಲಿದ್ದ ಬೀಡಿ ಕಂಪೆನಿಯ ಬ್ರಾಂಚಿಗೆ ಒಯ್ದು ಕೊಡಬೇಕು. ಒಂಬತ್ತೂವರೆಗೆ ಬ್ರಾಂಚಿನ ಬಾಗಿಲು ಹಾಕುತ್ತಿದ್ದರು. ಆ ದಾರಿಗೆ ಬಸ್ಸಿಲ್ಲ. ಪ್ರೈವೇಟ್ ಬಸ್ಸಿನವರನ್ನು ಕೇಳಿದರೆ, "ಅಲ್ಲಿ ಯಾರು ಹತ್ತುತ್ತಾರೆ ಮಾರಾಯ್ರೇ?" ಅಂತ ನಗುತ್ತಿದ್ದರು. ಕೊನೆಗೆ ಪಂಚಾಯತೇ ಒಂದು ಠರಾವು ಮಾಡಿತು: ಸಂಕದ ಬಳಿ ಗೇಟು ಹಾಕಿ ಪೇಟೆಗೆ ಬರುವ ವಾಹನಗಳಿಂದ ಸುಂಕ ವಸೂಲು ಮಾಡುವುದು, ಆ ದುಡ್ಡಿನಲ್ಲಿ ಒಂದು ಬಸ್ಸು ಓಡಿಸುವುದು.

ಈ ಠರಾವಿಗೆ ಕಾರಣ ಒಬ್ಬರೇ ಒಬ್ಬರು. ಪಂಚಾಯತಿಗೆ ಒಂಬತ್ತು ಮಂದಿ ಮೆಂಬರರು. ಅಧ್ಯಕ್ಷರ ಕಡೆ ನಾಲ್ಕು, ಅವರನ್ನು ಕಂಡರಾಗದ ಹೋಟೆಲಿನ ಧಣಿಯ ಕಡೆ ನಾಲ್ಕು. ಒಂಬತ್ತನೆಯದು ಹೆಂಗಸರ ಸೀಟು. ಅದರಲ್ಲಿ ಸಂಕದ ಆಚೆಯ ಬೀಡಿ ಅಕ್ಕ. ಎಲ್ಲರೂ ಅವರನ್ನು ಕರೆಯುತ್ತಿದ್ದುದೇ ಹಾಗೆ. "ನಮ್ಮ ಕಡೆಗೆ ಬಸ್ಸು ಬರ್ತದೆ ಅಂತಾದರೆ ಮಾತ್ರ ಕೂರ್ತೇನೆ" ಎಂದು ಹೇಳಿಯೇ ಆ ಕುರ್ಚಿಯಲ್ಲಿ ಕೂತವರು.

ಬೆಲ್ಲ ನೀರು

ಗೇಟು ಹಾಕಿದ ಮೊದಲನೆಯ ದಿನ, ಮೊದಲನೆಯ ಕಾರು. ಒಳಗೆ ಸಂಕದ ಆಚೆಯ ಗುತ್ತಿನ ಮನೆಯ, ಅಂದರೆ ಊರಿಗೇ ದೊಡ್ಡ ಮನೆಯ, ಯಜಮಾನರು. ಎಪ್ಪತ್ತು ದಾಟಿದವರು, ಜರಿಯ ಶಾಲು, ಕಿವಿಯಲ್ಲಿ ಒಂಟಿ. ನಾನು ಬಿದಿರು ಇಳಿಸಿ ನಮಸ್ಕಾರ ಮಾಡಿದೆ. ಅವರೂ ನಮಸ್ಕಾರ ಮಾಡಿದರು.

"ಧಣಿ, ಸುಂಕ" ಎಂದೆ.

"ಕೊಡುವ, ಅದಕ್ಕೆಂಥ. ಮೊದಲು ಬೆಲ್ಲ ನೀರು ಬರಲಿ."

ನಾನು ಕಕ್ಕಾಬಿಕ್ಕಿ. "ಧಣಿ, ಇದು ಗೇಟು."

"ಗೇಟು ನಿನ್ನದು ಹೌದಾ ಅಲ್ಲವಾ? ನಿನ್ನ ಬಾಗಿಲಿಗೆ ನಾನಾಗಿ ಬಂದದ್ದಲ್ಲ, ನೀನು ಅಡ್ಡ ಹಾಕಿ ನಿಲ್ಲಿಸಿದ್ದು. ನಿಲ್ಲಿಸಿದವನಿಗೆ ನೆಂಟರ ಬಾಯಿಗೆ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಡಲಿಕ್ಕೆ ಗೊತ್ತಿಲ್ಲವಾ? ಯಾವ ಊರು ಮಾರಾಯ ನಿನ್ನದು?"

ಹಿಂದೆ ಎರಡು ಲಾರಿ ಹಾರ್ನ್ ಹೊಡೆಯುತ್ತಿವೆ. ಯಜಮಾನರು ಕಾರಿನಿಂದ ಇಳಿದು ನನ್ನ ಸ್ಟೂಲಿನಲ್ಲಿ ಆರಾಮವಾಗಿ ಕೂತರು. ನಾನು ಓಡಿ ಹೋಗಿ ಹತ್ತಿರದ ಅಂಗಡಿಯಿಂದ ಬೆಲ್ಲ ತಂದೆ. ಅವರು ಬೆಲ್ಲ ಚೀಪಿ, ನೀರು ಕುಡಿದು, ನನ್ನ ಹೆಂಡತಿ ಯಾವ ಮನೆಯವಳು ಎಂದು ವಿಚಾರಿಸಿ, ಸಂಬಂಧದಲ್ಲಿ ನಾನು ಅವರಿಗೆ ಅಳಿಯ ಆಗಬೇಕು ಅಂತ ಲೆಕ್ಕ ಹಾಕಿ, ಸುಂಕ ಕೊಟ್ಟು ಹೋದರು.

ಅದನ್ನು ನೋಡಿದ ಲಾರಿಯವರು ಬಿಟ್ಟಾರಾ? "ನಮಗಿಲ್ಲವಾ ಅಣ್ಣ?" ಎಂದರು. ಅಂದಿನಿಂದ ಗೇಟಿನ ಗೂಡಿನಲ್ಲಿ ರಶೀದಿ ಪುಸ್ತಕದ ಪಕ್ಕ ಒಂದು ಬೆಲ್ಲದ ಡಬ್ಬ, ಒಂದು ತಾಮ್ರದ ಕೊಡಪಾನ. ನಡೆದುಕೊಂಡು ಹೋಗುವವರಿಗೂ ಸುದ್ದಿ ಮುಟ್ಟಿತು. ತಿಂಗಳು ಕಳೆಯುವುದರೊಳಗೆ ನನ್ನ ಗೇಟಿನಲ್ಲಿ ಸುಂಕ ಕೊಡುವವರು ಹತ್ತು ಮಂದಿಯಾದರೆ ಬೆಲ್ಲ ನೀರು ಕುಡಿಯುವವರು ನಲವತ್ತು.

ಮದುಮಕ್ಕಳ ಸಾಲು

ಆ ಹತ್ತು ಮಂದಿಯನ್ನೂ ಉಳಿಸಬಾರದು ಅಂತ ಮೆಂಬರರು ಹಟ ತೊಟ್ಟಂತಿತ್ತು. ಪ್ರತಿ ಮೀಟಿಂಗಿನಲ್ಲಿ ಒಂದೊಂದು ವಿನಾಯ್ತಿ. ಹೋಟೆಲಿನ ಧಣಿ ಹಾಲಿನ ಗಾಡಿಗೆ ಸುಂಕ ಬೇಡ ಎಂದರು, ಹಾಲು ಹೋಗುವುದು ಅವರ ಹೋಟೆಲಿಗೆ. ಅಕ್ಕಿ ಮಿಲ್ಲು ಇಟ್ಟಿದ್ದ ನಮ್ಮ ಅಧ್ಯಕ್ಷರು ಭತ್ತದ ಗಾಡಿ ಬಿಡಿ ಎಂದರು. ಮತ್ತೊಬ್ಬರು ಯಕ್ಷಗಾನ ಮೇಳದ ಲಾರಿ, ಇನ್ನೊಬ್ಬರು ಕಂಬಳದ ಕೋಣಗಳ ಲಾರಿ, ಪಂಚಾಯತಿನ ಕಸದ ಗಾಡಿ. ಆಚೆ ನಾಲ್ಕು, ಈಚೆ ನಾಲ್ಕು ಬೇರೆಲ್ಲದಕ್ಕೂ ಕಚ್ಚಾಡುವವರು, ವಿನಾಯ್ತಿಯ ಮಾತು ಬಂದರೆ ಅಣ್ಣ ತಮ್ಮಂದಿರು.

ಒಂದು ಮೀಟಿಂಗಿನಲ್ಲಿ "ಮದುಮಗ ಇರುವ ವಾಹನಕ್ಕೆ ಸುಂಕ ಇಲ್ಲ" ಅಂತ ಪಾಸಾಯಿತು. ಶುಭಕಾರ್ಯಕ್ಕೆ ಅಡ್ಡ ಬರಬಾರದು ನೋಡಿ. ಮರುದಿನವೇ ಮರದ ದಿಮ್ಮಿ ತುಂಬಿದ ಲಾರಿ ಬಂತು. ಡ್ರೈವರಿಗೆ ಐವತ್ತರ ಹತ್ತಿರ ಪ್ರಾಯ. ತಲೆಗೆ ಪೇಟ, ಕೊರಳಿಗೆ ಮಲ್ಲಿಗೆ ಹಾರ.

"ಮದುವೆ ಯಾರದ್ದು?" ಎಂದೆ.

"ನನ್ನದೇ. ಬೇಗ ಬಿಡಿ, ಮುಹೂರ್ತ ಮೀರ್ತದೆ."

"ಈ ದಿಮ್ಮಿ ಎಂಥದಕ್ಕೆ?"

"ಮಂಟಪಕ್ಕೆ."

ಬಿಟ್ಟೆ. ಎರಡು ದಿನ ಬಿಟ್ಟು ಅದೇ ಲಾರಿ, ಅದೇ ಪೇಟ. ಮಲ್ಲಿಗೆ ಮಾತ್ರ ಬಾಡಿತ್ತು. "ಮೊನ್ನೆ ಆಯ್ತಲ್ಲ ನಿನಗೆ?" ಎಂದೆ. "ಮೊನ್ನೆ ನಿಶ್ಚಿತಾರ್ಥ ಅಣ್ಣ" ಎಂದ. ವಾರದೊಳಗೆ ನನ್ನ ಗೇಟು ದಾಟುವ ಲಾರಿಯವರೆಲ್ಲ ಮದುಮಕ್ಕಳು. ಹಾರ ಕೊಳ್ಳಲಿಕ್ಕೆ ಜಿಪುಣತನ ಮಾಡಿದ ಒಬ್ಬ ತೊಂಡೆ ಬಳ್ಳಿ ಸುತ್ತಿಕೊಂಡು ಬಂದಿದ್ದ.

ನನ್ನ ಸಿಟ್ಟು ನೆತ್ತಿಗೇರಿತು. ಅದೇ ಹೊತ್ತಿಗೆ ಗುರುವಾಯನಕೆರೆ ಕಡೆಯಿಂದ ಒಂದು ಜೀಪು ಬಂತು. ಒಳಗೊಬ್ಬ ಹುಡುಗ, ಲುಂಗಿ ಬನಿಯನ್ನಿನಲ್ಲಿ. "ನಾನು ಮದುಮಗ" ಎಂದ. "ಪೇಟ ಇಲ್ಲ, ಹಾರ ಇಲ್ಲ, ನೀನೆಂಥ ಮದುಮಗ? ತೊಂಡೆ ಬಳ್ಳಿಯಾದರೂ ಬೇಡವಾ?" ಎಂದು ಗದರಿಸಿ ಸುಂಕ ಇಸಕೊಂಡೆ. ಧೂಳಾಗಬಾರದೆಂದು ಅವನು ರೇಷ್ಮೆ ಪಂಚೆ ಪೇಟ ಎಲ್ಲ ಪೆಟ್ಟಿಗೆಯಲ್ಲಿಟ್ಟಿದ್ದ. ಅವನು ಮದುವೆಯಾಗಲು ಹೋಗುತ್ತಿದ್ದುದು ನಮ್ಮ ಅಧ್ಯಕ್ಷರ ಮಗಳನ್ನು.

ಮದುವೆ ಚಂದದಲ್ಲೇ ಆಯಿತು. ಆದರೆ ಮರುದಿನ ಅಧ್ಯಕ್ಷರು ಮದುಮಗನ ವಿನಾಯ್ತಿಯನ್ನು ಹೊಡೆದು ಹಾಕಿ, ಕೆಂಪು ಶಾಯಿಯಲ್ಲಿ ಒಂದು ಆರ್ಡರು ಬರೆದು ನನ್ನ ಕೈಗೆ ಕೊಟ್ಟರು: "ವಿನಾಯ್ತಿ ಪಟ್ಟಿಯಲ್ಲಿ ಇಲ್ಲದ ಒಂದು ಚಕ್ರವೂ ಸುಂಕ ಕೊಡದೆ ದಾಟಕೂಡದು. ಸ್ವತಃ ನಾನೇ ಬಂದರೂ ಸರಿ." ನಾನು ಅದನ್ನು ಗೂಡಿನ ಗೋಡೆಗೆ ಅಂಟಿಸಿದೆ, ಅನ್ನ ಹಚ್ಚಿ.

ಎಂಟು ಮನೆಯ ರೂಟು

ಇಷ್ಟೆಲ್ಲ ಆದರೂ ಬಸ್ಸಿಗೆ ಬೇಕಾದ ದುಡ್ಡು ಹೇಗೋ ಕೂಡಿತು. ಮಂಗಳೂರಿನಲ್ಲಿ ಒಂದು ಹಳೆಯ ಬಸ್ಸನ್ನೂ ನೋಡಿಟ್ಟರು. ಇನ್ನು ರೂಟು ಮಾಡಬೇಕು. ಮೀಟಿಂಗಿನಲ್ಲಿ ಅಧ್ಯಕ್ಷರು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಒಂದು ನೇರ ಗೆರೆ ಎಳೆದರು. ಸಂಕದಿಂದ ಬ್ರಾಂಚಿಗೆ.

"ನಡುವೆ ನನ್ನ ಮಿಲ್ಲಿನ ಹತ್ತಿರ ಒಂದು ಸ್ಟಾಪು ಇರಲಿ" ಎಂದರು. ಗೆರೆ ಎಡಕ್ಕೆ ಹೋಯಿತು. "ಹಾಗಾದರೆ ನನ್ನ ಹೋಟೆಲಿನ ಎದುರು ಇಪ್ಪತ್ತು ನಿಮಿಷ ಚಾ ಕುಡಿಯಲಿಕ್ಕೆ ನಿಲ್ಲಲಿ" ಎಂದರು ಹೋಟೆಲಿನ ಧಣಿ. ಗೆರೆ ಬಲಕ್ಕೆ ತಿರುಗಿತು. ಮತ್ತೊಬ್ಬರ ಅತ್ತೆ ಮನೆ, ಇನ್ನೊಬ್ಬರ ತೋಟ. ಎಂಟು ಮಂದಿಯದ್ದೂ ಮುಗಿಯುವಾಗ ನೆಲದ ಮೇಲೆ ಒಂದು ಚಕ್ಕುಲಿ ಬಿದ್ದಿತ್ತು. ಎಂಟು ಮಂದಿಯೂ ಖುಷಿಯಲ್ಲಿ ಕೈ ಎತ್ತಿದರು.

ಮೂಲೆಯಲ್ಲಿದ್ದ ಬೀಡಿ ಅಕ್ಕ ಎದ್ದು ನಿಂತರು. ಮನೆಮಾತು ತುಳು ಆದ್ದರಿಂದ ಆಫೀಸಿನಲ್ಲಿ ಅವರು ಕನ್ನಡವನ್ನು ನಿಧಾನಕ್ಕೆ, ಒಂದೊಂದೇ ಶಬ್ದ ಹುಡುಕಿ ಮಾತಾಡುವವರು.

"ಅಧ್ಯಕ್ಷರೇ, ಸಂಕದಿಂದ ಒಂಬತ್ತು ಗಂಟೆಗೆ ಹೊರಟರೆ ಬ್ರಾಂಚಿಗೆ ಎಷ್ಟು ಗಂಟೆಗೆ ಮುಟ್ಟುತ್ತದೆ?"

ಅಧ್ಯಕ್ಷರು ಚಕ್ಕುಲಿಯ ಸುತ್ತ ಬೆರಳು ಓಡಿಸಿ ಲೆಕ್ಕ ಹಾಕಿದರು. "ಹನ್ನೆರಡೂ ಕಾಲು."

"ನಡೆದು ಹೋದರೆ ಮುಕ್ಕಾಲು ಗಂಟೆ. ಹಾಗಾದರೆ ನಾನು ಎಂಟೂವರೆಗೆ ನಡೆದು ಹೋಗಿ, ಬೀಡಿ ಕೊಟ್ಟು, ಮನೆಗೆ ಬಂದು, ಗಂಜಿ ಬೇಯಿಸಿ ಉಂಡು, ಮತ್ತೆ ರಸ್ತೆಗೆ ಬಂದು ನಿಮ್ಮ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತೇನೆ. ಆಗಬಹುದಾ?"

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ರೂಟು ಮಾತ್ರ ಹಾಗೆಯೇ ಪಾಸಾಯಿತು.

ನಾನೂ ನಕ್ಕಿದ್ದೆ. ಆದರೆ ಆ ವರ್ಷದ ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಬೆಳಿಗ್ಗೆ ಬೀಡಿ ಅಕ್ಕ ಬ್ರಾಂಚಿನಿಂದ ವಾಪಸು ಬರುತ್ತಾ ನನ್ನ ಗೂಡಿಗೆ ಹೊಕ್ಕರು. ಕೊಡೆ ಗಾಳಿಗೆ ಮಗುಚಿತ್ತು, ಮೈಯೆಲ್ಲ ಚಂಡಿ. ಎದೆಗೆ ಅವಚಿಕೊಂಡಿದ್ದ ಕಟ್ಟನ್ನು ಬಿಚ್ಚಿದರು. ಬೀಡಿಗಳಿಗೆ ನೀರು ಹೊಕ್ಕಿತ್ತು, ಬ್ರಾಂಚಿನವರು ಒಂದನ್ನೂ ತೆಗೆದುಕೊಂಡಿರಲಿಲ್ಲ. ಹಿಂದಿನ ದಿನವಿಡೀ ಸೊಂಟ ಬಗ್ಗಿಸಿ ಕಟ್ಟಿದ್ದು. "ಬೆಲ್ಲ ಉಂಟಾ ಅಣ್ಣ?" ಎಂದು ಕೇಳಿದರು, ಅಷ್ಟೆ. ಡಬ್ಬದಲ್ಲಿದ್ದ ದೊಡ್ಡ ತುಂಡನ್ನೇ ಕೊಟ್ಟೆ. ಆ ದಿನ ನನ್ನ ಸಿಟ್ಟು ಯಾವ ಲಾರಿಯವನ ಮೇಲೂ ಇರಲಿಲ್ಲ, ಆ ಚಕ್ಕುಲಿಯ ಮೇಲೆ ಇತ್ತು.

ಬಸ್ಸು ಬಂತು

ಬಸ್ಸಿನ ಉದ್ಘಾಟನೆಗೆ ಮುಖ್ಯ ಅತಿಥಿ ನಮ್ಮ ಗುತ್ತಿನ ಯಜಮಾನರು. ಪೂಜೆ ಅವರ ಅಂಗಳದಲ್ಲೇ. ಅಲ್ಲಿಂದ ಬಾಳೆ, ಮಾವಿನ ಸೊಪ್ಪು ಕಟ್ಟಿಕೊಂಡು ಯಜಮಾನರನ್ನೂ ಎಂಟು ಮೆಂಬರರನ್ನೂ ಹೊತ್ತು ಬಸ್ಸು ಎಂಟೂವರೆಗೆ ಸಂಕ ದಾಟಿ ನನ್ನ ಗೇಟಿಗೆ ಬಂತು. ಗೇಟಿನ ಹತ್ತಿರ ಬೀಡಿ ಅಕ್ಕ, ಜೊತೆಗೆ ಬೀಡಿ ಕಟ್ಟು ಹಿಡಿದ ಇಪ್ಪತ್ತು ಮಂದಿ ಹೆಂಗಸರು. ಬಸ್ಸು ಹೇಗಿದೆ ಎಂದು ನೋಡಿಯಾದರೂ ನಡೆಯುವ ಅಂತ ನಿಂತಿದ್ದರು.

ನಾನು ಬಿದಿರು ಎತ್ತಲಿಲ್ಲ.

"ಎತ್ತು ಮಾರಾಯ!" ಎಂದರು ಅಧ್ಯಕ್ಷರು, ಕಿಟಕಿಯಿಂದ ತಲೆ ಹೊರಗೆ ಹಾಕಿ.

ನಾನು ಪಟ್ಟಿ ಓದಿದೆ. ಹಾಲು, ಭತ್ತ, ಮೇಳ, ಕೋಣ, ಕಸ. "ಬಸ್ಸು ಇಲ್ಲ ಅಧ್ಯಕ್ಷರೇ. ಸುಂಕ ಕೊಡಬೇಕು." ಮತ್ತೆ ಗೋಡೆಯ ಕೆಂಪು ಶಾಯಿಯ ಆರ್ಡರು ತೋರಿಸಿದೆ. ನಾನು ಬೇಕೆಂದೇ ಮಾಡಿದೆನಾ? ಹೌದು, ಬೇಕೆಂದೇ ಮಾಡಿದೆ.

ಅಧ್ಯಕ್ಷರು ಕಿಸೆಗೆ ಕೈ ಹಾಕಿದರು. ಹಿಂದಿನ ಸೀಟಿನಿಂದ ಹೋಟೆಲಿನ ಧಣಿ, "ಕೊಡಿ ಕೊಡಿ. ಪಂಚಾಯತಿನ ಬಸ್ಸಿಗೆ ಪಂಚಾಯತಿನ ಅಧ್ಯಕ್ಷರೇ ಸುಂಕ ಕೊಟ್ಟರು ಅಂತ ಹೋಟೆಲಿನಲ್ಲಿ ಬೋರ್ಡು ಹಾಕ್ತೇನೆ" ಎಂದರು. ಅಧ್ಯಕ್ಷರ ಕೈ ಕಿಸೆಯಿಂದ ಬರಿದೇ ಹೊರಗೆ ಬಂತು. "ಕೊಡುವುದಿಲ್ಲ! ಇಲ್ಲಿಯೇ ಮೀಟಿಂಗು ಮಾಡುವ. ಬಸ್ಸಿಗೆ ವಿನಾಯ್ತಿ ಅಂತ ಠರಾವು ಬರೆಯಿರಿ." ಕೈ ಎತ್ತಿಸಿದರು. ಪರವಾಗಿ ನಾಲ್ಕು, ವಿರೋಧವಾಗಿ ನಾಲ್ಕು.

ಎಲ್ಲರೂ ಒಟ್ಟಿಗೆ ಕಿಟಕಿಯಿಂದ ಬೀಡಿ ಅಕ್ಕನನ್ನು ನೋಡಿದರು.

"ಅಕ್ಕಾ, ಒಂದು ಸಹಿ" ಎಂದರು ಅಧ್ಯಕ್ಷರು. ಅವರು ಬೀಡಿ ಅಕ್ಕನನ್ನು ಅಕ್ಕಾ ಎಂದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಯಜಮಾನರ ಸ್ವರ ಬಂತು. "ಮೀಟಿಂಗು ಆಮೇಲೆ. ನಿಲ್ಲಿಸಿ ಎಷ್ಟು ಹೊತ್ತಾಯಿತು, ಬೆಲ್ಲ ನೀರು ಎಲ್ಲಿ ಅಳಿಯಾ?" ನಾನು ಚೆಂಬು ಹಿಡಿದು ಓಡಿದೆ. "ಬಸ್ಸಿನಲ್ಲಿ ಕೂತು ಕುಡಿಯುವುದಾ? ಅದೆಂಥ ಮರ್ಯಾದೆ? ಎಲ್ಲರೂ ಇಳಿಯಿರಿ!" ಯಜಮಾನರು ಇಳಿದ ಮೇಲೆ ಯಾರು ಕೂತಾರು? ಎಂಟು ಮೆಂಬರರೂ ಇಳಿದರು.

ಬೀಡಿ ಅಕ್ಕ ಪೆನ್ನು ಹಿಡಿದುಕೊಂಡರು, ಸಹಿ ಹಾಕಲಿಲ್ಲ. "ಇನ್ನೊಂದು ಸಾಲು ಬರೆಯಿರಿ. ಬಸ್ಸು ಸಂಕದಿಂದ ಬ್ರಾಂಚಿಗೆ ನೇರ ಹೋಗಬೇಕು. ಒಂಬತ್ತು ಗಂಟೆಗೆ ಸರಿಯಾಗಿ ಹೊರಡಬೇಕು."

"ಬರೆಯುವ, ಬರೆಯುವ. ಮುಂದಿನ ತಿಂಗಳಿನಿಂದ" ಎಂದರು ಅಧ್ಯಕ್ಷರು.

"ಇವತ್ತಿನಿಂದ."

ಅಧ್ಯಕ್ಷರು ಹೋಟೆಲಿನ ಧಣಿಯ ನಗು ನೋಡಿದರು, ಮತ್ತೆ ಬಿದಿರು ನೋಡಿದರು. "ಇವತ್ತಿನಿಂದ ಅಂತಲೇ ಬರೆಯಿರಿ" ಎಂದರು. ಅಕ್ಕ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ನಾನು ಪಟ್ಟಿಗೆ ಬಸ್ಸು ಸೇರಿಸಿ ಬಿದಿರು ಎತ್ತಿದೆ. ಮೆಂಬರರು ಬೆಲ್ಲದ ಡಬ್ಬದ ಸುತ್ತ ಸೇರಿದರು. ಬೀಡಿ ಅಕ್ಕನೂ ಇಪ್ಪತ್ತು ಮಂದಿ ಹೆಂಗಸರೂ ಸದ್ದಿಲ್ಲದೆ ಬಸ್ಸು ಹತ್ತಿದರು.

ಡ್ರೈವರು ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳಲ್ಲಿ ಪಳಗಿದವನು. ಅಲ್ಲಿ ಒಂದು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜಗಳಕ್ಕೆ ಬರುತ್ತಾನೆ. ಅವನಿಗೆ ಅಧ್ಯಕ್ಷ, ಯಜಮಾನ ಯಾರೂ ಲೆಕ್ಕವಿಲ್ಲ, ಟೈಮು ಮಾತ್ರ ಲೆಕ್ಕ. ಠರಾವು ಇಣುಕಿ ಓದಿದ, ವಾಚು ನೋಡಿದ, ಒಂಬತ್ತು ಗಂಟೆಗೆ ಸರಿಯಾಗಿ ಗೇರು ಹಾಕಿ ಹೊರಟೇ ಬಿಟ್ಟ.

ಅಧ್ಯಕ್ಷರು ಕೂಗಬೇಕು ಅಂತಿದ್ದರು. ಬಾಯಿ ತುಂಬ ಬೆಲ್ಲ. "ಊಂ! ಊಂ!" ಎಂದು ಉದ್ಘಾಟನೆಗೆ ಹಾಕಿದ್ದ ಕೊರಳಿನ ಹಾರ ಹಿಡಿದುಕೊಂಡು ಹತ್ತು ಹೆಜ್ಜೆ ಓಡಿದರು. ಬಸ್ಸಿನ ಹಿಂದಿನ ಕಿಟಕಿಯಲ್ಲಿ ಬೀಡಿ ಅಕ್ಕನ ಮುಖ ಕಾಣಿಸಿತು. ಬೀಡಿ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಮಗುವಿನ ಹಾಗೆ ನಗುತ್ತಿದ್ದರು.

ಬೆಲ್ಲ ನುಂಗಿ ಮುಗಿಸಿದ ಅಧ್ಯಕ್ಷರು ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದರು. "ಪೇಟೆಗೆ ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು ಮಾರಾಯ?"

"ಬೀಡಿ ಅಕ್ಕನ ದಾರಿಯಲ್ಲಿ ನಡೆದರೆ ಮುಕ್ಕಾಲು ಗಂಟೆ ಅಧ್ಯಕ್ಷರೇ" ಎಂದೆ. "ನಿಮ್ಮ ರೂಟಿನಲ್ಲಿ ನಡೆದರೆ ನಾಳೆ ಬೆಳಿಗ್ಗೆ. ಅದಕ್ಕಿಂತ ಇಲ್ಲಿಯೇ ಕೂತಿರಿ, ನಾಳೆ ಒಂಬತ್ತು ಗಂಟೆಗೆ ಸಂಕದಿಂದ ನೇರ ಬಸ್ಸು ಉಂಟು."