ಮುಂದೆ ಹೋಗಿ, ಇಲ್ಲಿ ಜಾಗ ಇಲ್ಲ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೀಟರ್ ರೀಡರನ ಮನೆ ಮುಂದೆ ನಿಂತಿದ್ದ ನೀಲಿ ಕಾರು ಹೊರಟುಹೋಯಿತು.

ಬೇರೆ ಬೀದಿಯಲ್ಲಾದರೆ ಇದು ಸುದ್ದಿಯಲ್ಲ. ಈ ಬೀದಿಯ ಒಂದು ತುದಿಗೆ ಮಾರುಕಟ್ಟೆ, ಇನ್ನೊಂದು ತುದಿಗೆ ಕೋರ್ಟು, ನಡುವೆ ಎರಡು ಬ್ಯಾಂಕು. ಒಂಬತ್ತಕ್ಕೆ ಬೀದಿಯ ಎರಡೂ ಬದಿ ತುಂಬಿತೆಂದರೆ ಕತ್ತಲಾಗುವವರೆಗೆ ಬಿಡುವಿಲ್ಲ. ಕಾರಿರುವ ನಿವಾಸಿಗಳು ಅದನ್ನು ಎಲ್ಲೋ ನಿಲ್ಲಿಸಿ, ಕೈಯಲ್ಲಿ ಚೀಲ ಹಿಡಿದು, ತಮ್ಮ ಮನೆಗೆ ತಾವೇ ದೂರದ ನೆಂಟರಂತೆ ನಡೆದು ಬರುತ್ತಾರೆ.

ಮೀಟರ್ ರೀಡರನಿಗೆ ಕಾರಿರಲಿಲ್ಲ. ಮನೆಮನೆಗೆ ನಡೆದು ಕರೆಂಟ್ ಮೀಟರ್ ಓದಿ, ಸೊಂಟದ ಮಷೀನಿನಿಂದ ಬಿಲ್ಲು ಹರಿದು ಕೊಡುವುದು ಅವನ ಕೆಲಸ. ಹಾಗಾಗಿ ಬೀದಿಯ ಪಾರ್ಕಿಂಗ್ ಗೋಳು ಅವನಿಗೆ ಪಕ್ಕದ ಮನೆಯ ಟಿವಿ ಸದ್ದಿನಂತೆ ಕೇಳಿಸುತ್ತಿತ್ತೇ ಹೊರತು ತಾಗುತ್ತಿರಲಿಲ್ಲ. ಇವತ್ತು ತಾಗಿತು. ಸೊಂಟದ ಮೂಳೆಯ ಆಪರೇಷನ್ ಆಗಿದ್ದ ಅವನ ಅಮ್ಮ ಮಧ್ಯಾಹ್ನ ಆಸ್ಪತ್ರೆಯ ವ್ಯಾನಿನಲ್ಲಿ ಮನೆಗೆ ಬರುವವರಿದ್ದರು. ಆಸ್ಪತ್ರೆಯ ಹಾಸಿಗೆಯಲ್ಲಿ ಕೂತೇ ಅವರು ಷರತ್ತು ಹಾಕಿದ್ದರು.

"ಗಾಡಿ ಬಾಗಿಲ ಹತ್ರ ನಿಲ್ಲಬೇಕು. ನಾನೇ ಇಳಿದು ಒಳಗೆ ಹೋಗ್ತೀನಿ. ಬೀದಿಯವರೆಲ್ಲ ನೋಡೋ ಹಾಗೆ ನನ್ನನ್ನ ಕುರ್ಚಿ ಸಮೇತ ಎತ್ಕೊಂಡು ಹೋಗೋದಾದ್ರೆ, ಬೇಡಪ್ಪ, ನಾನು ಇಲ್ಲೇ ಇರ್ತೀನಿ."

ಅಮ್ಮ ಹೇಳಿದರೆ ಹೇಳಿದ್ದೇ. ಡಾಕ್ಟರೂ ಅಷ್ಟರೊಳಗೆ ಅದನ್ನು ಅರ್ಥಮಾಡಿಕೊಂಡಿದ್ದರು.

ನೀಲಿ ಕಾರು ಹೊರಟಾಗ ಆತ ಮಹಡಿ ಮನೆಯ ಟೈಲರಮ್ಮನ ಮೀಟರ್ ಓದಿ ಮುಗಿಸಿದ್ದ. ಅವತ್ತಿನ ಕೊನೆಯ ಮನೆ ಅದು. ಆಮೇಲೆ ರಜೆ ಹಾಕಿದ್ದ. ಬಿಲ್ಲು ಮಷೀನಿನ ಬಾಯಿಂದ ಇನ್ನೂ ಜೋತಾಡುತ್ತಿತ್ತು. ಆತ ಮೆಟ್ಟಿಲನ್ನು ಎರಡೆರಡಾಗಿ ಹಾರಿ, ಖಾಲಿ ಜಾಗದ ನಟ್ಟನಡುವೆ ಹೋಗಿ ನಿಂತುಬಿಟ್ಟ.

"ಏನಪ್ಪಾ, ನಡುರಸ್ತೆಯಲ್ಲಿ ಕಂಬದ ಹಾಗೆ?" ಟೈಲರಮ್ಮ ಬಾಲ್ಕನಿಯಿಂದ ಕೇಳಿದರು. ಅವರ ಹೊಲಿಗೆ ಮಷೀನು ಬಾಲ್ಕನಿಯಲ್ಲೇ ಇತ್ತು. ಬೀದಿಯಲ್ಲಿ ನಡೆಯುವುದೆಲ್ಲ ಅವರ ಕಣ್ಣೆದುರಲ್ಲೇ ನಡೆಯಬೇಕು.

"ಅಮ್ಮ ಬರೋವರೆಗೂ ಜಾಗ ಹಿಡ್ಕೊಂಡಿರ್ತೀನಿ ಟೈಲರಮ್ಮ."

"ಎಷ್ಟು ಹೊತ್ತಿಗೆ ಬರ್ತಾರೆ?"

"ಮೂರರಿಂದ ನಾಲ್ಕರೊಳಗೆ."

ಟೈಲರಮ್ಮ ಗಡಿಯಾರ ನೋಡಿದರು, ಬಿಸಿಲು ನೋಡಿದರು, ಕೊನೆಗೆ ಅವನ ಬೋಳುತಲೆ ನೋಡಿದರು. ಒಂದು ಸ್ಟೂಲನ್ನೂ ಕೊಡೆಯನ್ನೂ ಹಗ್ಗ ಕಟ್ಟಿ ಇಳಿಸಿದರು.

ಎಡವಟ್ಟು ಶುರುವಾದದ್ದು ಅಲ್ಲಿಂದ. ಖಾಕಿ ಅಂಗಿ, ಕೊರಳಲ್ಲಿ ಫೋಟೋ ಇರುವ ಕಾರ್ಡು, ಸೊಂಟದಲ್ಲಿ ಚೀಟಿ ಮಷೀನು, ಮೇಲೆ ಕೊಡೆ, ಕೆಳಗೆ ಸ್ಟೂಲು. ನಿವಾಸಿಗಳು ಎಷ್ಟೋ ಅರ್ಜಿ ಕೊಟ್ಟರೂ ನಗರಸಭೆ ಕಳಿಸದಿದ್ದ ಪಾರ್ಕಿಂಗ್ ಸಿಬ್ಬಂದಿ ಕೊನೆಗೂ ಬಂದಿದ್ದಾನೆಂದು ಹೊರಗಿನವರಿಗೆ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಮೊದಲು ಬಂದವನು ಅವಸರದ ವಕೀಲ. ಎದುರು ಬದಿಯಲ್ಲಿ ಇನ್ನೊಬ್ಬರ ಕಾರಿಗೆ ಅಡ್ಡವಾಗಿ ತನ್ನದನ್ನು ನಿಲ್ಲಿಸಿ, ಕೀಲಿಯನ್ನು ಇವನ ಅಂಗೈಗೆ ಇಟ್ಟ. "ಹತ್ತೇ ನಿಮಿಷ. ತೆಗೀಬೇಕಾದ್ರೆ ತೆಗೀರಿ."

"ಸಾರ್, ನಂಗೆ ಡ್ರೈವಿಂಗ್ ಬರಲ್ಲ."

"ಪರವಾಗಿಲ್ಲ, ನಿಧಾನವಾಗಿ ತೆಗೀರಿ," ಎಂದು ವಕೀಲ ಕೋರ್ಟಿನ ಕಡೆ ಓಡಿದ.

ಎರಡನೆಯವರು ಕೆಂಪು ಕಾರಿನ ದಪ್ಪ ಮೀಸೆಯವರು. ಅವರಿಗೆ ಎದುರಿಗೆ ಜಾಗ ಸಿಕ್ಕಿತ್ತು. ಆದರೆ ಅವರು ನಿಯಮದ ಮನುಷ್ಯ. "ಚೀಟಿ ಎಲ್ಲಿ?" ಎಂದು ಕೇಳಿದರು. ಚೀಟಿ ಇಲ್ಲ ಎಂದು ಆತ ಹೇಳುವಷ್ಟರಲ್ಲಿ, "ಇದೇನ್ರೀ ಮತ್ತೆ?" ಎಂದು ಮಷೀನಿನಲ್ಲಿ ಜೋತಾಡುತ್ತಿದ್ದುದನ್ನು ಹರಿದುಕೊಂಡು, ಕಾರಿನ ಗಾಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಇಟ್ಟು ಹೋದರು.

"ಅದು ನನ್ನ ಕರೆಂಟ್ ಬಿಲ್ಲಲ್ವೇನಪ್ಪ?" ಮೇಲಿನಿಂದ ಟೈಲರಮ್ಮ ಕೇಳಿದರು.

"ಅವರು ವಾಪಸ್ ಬಂದಾಗ ಇಸ್ಕೊಂಡು ಕೊಡ್ತೀನಿ ಟೈಲರಮ್ಮ. ಕಾರು ಎಲ್ಲೂ ಓಡಿಹೋಗಲ್ಲ."

ಹನ್ನೆರಡರ ಹೊತ್ತಿಗೆ ಪಕ್ಕದ ಮನೆಯ ಇನ್ಶೂರೆನ್ಸ್ ಏಜೆಂಟ್ ಪ್ರವೇಶಿಸಿದ. ನಗರಸಭೆಗೆ ಅರ್ಜಿ ಕೊಡುತ್ತಿದ್ದವನು ಅವನೇ. ಊಟಕ್ಕೆಂದು ಮನೆಗೆ ಬಂದು, ಜಾಗ ಸಿಗದೆ, ಸಾಬೂನಿನ ಜಾಹೀರಾತಿನಂತೆ ಮತ್ತೆಮತ್ತೆ ಅದೇ ಬೀದಿಯಲ್ಲಿ ಹಾದುಹೋಗುತ್ತಿದ್ದ. ಮೂರನೆಯ ಸಲ ಗಾಜು ಇಳಿಸಿದ.

"ಏನ್ರೀ ಮೀಟರ್, ಕಾರೇ ಇಲ್ದೋರಿಗೆ ಪಾರ್ಕಿಂಗ್ ಯಾಕ್ರೀ?"

"ಅಮ್ಮ ಬರ್ತಾರೆ."

"ಬರ್ಲಿ ಪಾಪ, ಅಲ್ಲೀವರೆಗೂ ನಾನು ನಿಲ್ಲಿಸ್ತೀನಿ. ಅವರು ಬಂದ ತಕ್ಷಣ ತೆಗೀತೀನಿ."

"ಹೋದ ಸಲ ನೀರಿನ ಟ್ಯಾಂಕರ್ ಬಂದಾಗಲೂ ಹಾಗೇ ಅಂದಿದ್ರಿ. ಟ್ಯಾಂಕರ್ ವಾಪಸ್ ಹೋಯ್ತು."

ಏಜೆಂಟ್ ವಾದ ಬೆಳೆಸುವವನಿದ್ದ. ಅಷ್ಟರಲ್ಲಿ ಸರಕು ತುಂಬಿದ ಆಟೋ ಒಂದು ಬಂತು. ಮೀಟರ್ ರೀಡರ್ ಕೈಯೆತ್ತಿ "ಮುಂದೆ ಹೋಗಿ, ಇಲ್ಲಿ ಜಾಗ ಇಲ್ಲ" ಎಂದ. ಆಟೋದವನು ಸೆಲ್ಯೂಟ್ ಹೊಡೆಯುವುದೊಂದು ಬಾಕಿ. ಒಂದೇ ಮಾತಿಗೆ ಮುಂದೆ ಹೋದ. ಏಜೆಂಟನ ಮುಖದಲ್ಲಿ ಹೊಸ ಪಾಲಿಸಿ ಹೊಳೆದ ಬೆಳಕು ಕಾಣಿಸಿತು.

"ಮೀಟರಣ್ಣ," ಆತನ ದನಿ ಜೇನಾಯಿತು, "ಹಂಗಿದ್ರೆ ನಮ್ಮ ಮನೆ ಮುಂದೆನೂ ಒಂಚೂರು ನೋಡ್ಕೋತೀರಾ? ಆ ಹಳದಿ ಕಾರು ಹೋದ್ಮೇಲೆ ಯಾರನ್ನೂ ಬಿಡ್ಬೇಡಿ. ಸಂಜೆ ನಾನು ಬಂದು ನಿಲ್ಲಿಸ್ತೀನಿ."

ಒಂದು ಗಂಟೆಯೊಳಗೆ ಸುದ್ದಿ ಬೀದಿಯಿಡೀ ಹರಡಿತು. ಮೂಲೆಮನೆಯವರು ಬಂದು ಹೇಳಿದರು, ಎದುರುಮನೆಯವರು ಕೂಗಿ ಹೇಳಿದರು. ಯಾರಿಗೂ ಇಲ್ಲ ಅನ್ನಲಾಗದ ಮೀಟರ್ ರೀಡರ್ ಈಗ ನಾಲ್ಕು ಮನೆಗಳ ಮುಂದಿನ ಜಾಗಕ್ಕೆ ಕಾವಲುಗಾರ. ಕೈ ಬೀಸಿ ಬೀಸಿ ಭುಜ ಹಿಡಿದುಕೊಂಡಿತ್ತು. ಜೇಬಿನಲ್ಲಿ ವಕೀಲನದೂ, ಅವನನ್ನು ನೋಡಿ ಕೊಟ್ಟುಹೋದ ಇನ್ನಿಬ್ಬರು ಅಪರಿಚಿತರದೂ ಕೀಲಿಗಳು ಝಣಝಣ ಎನ್ನುತ್ತಿದ್ದವು.

ಎರಡೂವರೆಗೆ ಹೆಂಡತಿಗೆ ಫೋನ್ ಮಾಡಬೇಕೆನ್ನಿಸಿತು. ಫೋನು ಮನೆಯೊಳಗೆ ಚಾರ್ಜಿಗಿತ್ತು. ಹೆಂಡತಿ ಮುಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹಿಂಬಾಗಿಲಿಗೆ ಬೀಗ ಜಡಿದು, ಆ ಕೀಲಿಯೊಂದಿಗೆ ಆಸ್ಪತ್ರೆಯಲ್ಲಿದ್ದಳು. ಜಗತ್ತಿನ ಕಾರುಗಳ ಕೀಲಿಯೆಲ್ಲ ಇವನ ಜೇಬಿನಲ್ಲಿ. ಸ್ವಂತ ಮನೆಯದು ಮಾತ್ರ ಇಲ್ಲ.

"ನನ್ನ ಫೋನ್ ತಗೋ," ಎಂದು ಟೈಲರಮ್ಮ ಬುಟ್ಟಿಯಲ್ಲಿ ಇಳಿಸಿದರು. ಆತ ಡಯಲ್ ಮಾಡಲು ಬೆರಳೆತ್ತಿದ. ಬೀದಿಯ ಅಷ್ಟೂ ಮೀಟರ್‌ಗಳ ನಂಬರು ಬಾಯಿಗೆ ಬರುತ್ತಿತ್ತು. ಹೆಂಡತಿಯ ನಂಬರು ಬರಲಿಲ್ಲ.

"ಇದನ್ನ ಅವಳಿಗೆ ಹೇಳ್ಬೇಡಿ," ಎಂದು ಫೋನನ್ನು ವಾಪಸ್ ಕಳಿಸಿದ.

ಮೂರೂವರೆಯ ಸುಮಾರಿಗೆ ಬ್ಯಾಂಕು, ಕೋರ್ಟುಗಳಿಂದ ಜನ ಹೊರಬೀಳತೊಡಗಿದರು. ಎಲ್ಲ ಒಟ್ಟಿಗೇ ಬಂದಿತು. ವಕೀಲನೂ ಉಳಿದಿಬ್ಬರೂ ಬಂದು ಕೀಲಿ ಇಸ್ಕೊಂಡರು. ಯಾರದೋ ವ್ಯಾನು ಏಜೆಂಟನ ಜಾಗಕ್ಕೆ ಮೂತಿ ತೂರಿಸಿತು. ಮೀಸೆಯವರು ಚೀಟಿ ಹಿಡಿದು ಬಂದು, "ಇದ್ರಲ್ಲಿ ಇನ್ನೂರ ಹನ್ನೆರಡು ಯೂನಿಟ್ ಅಂತಿದೆ. ಇನ್ನೂ ಎಷ್ಟು ಹೊತ್ತು ನಿಲ್ಲಿಸಬಹುದು?" ಎಂದು ಕೇಳಿದರು. ಬೆನ್ನ ಹಿಂದೆ ಬೂದು ಬಣ್ಣದ ಟ್ಯಾಕ್ಸಿಯೊಂದು ಹಾರ್ನ್ ಮಾಡಿತು.

"ಸಾರ್, ಇಲ್ಲಿ ಸ್ವಲ್ಪ..." ಎಂದ ಡ್ರೈವರ್.

"ಮುಂದೆ ಹೋಗಿ, ಇಲ್ಲಿ ಜಾಗ ಇಲ್ಲ." ಆತ ತಿರುಗದೆ ಕೈ ಬೀಸಿದ. "ಪೇಷೆಂಟ್ ಬರೋದಿದೆ ಇಲ್ಲಿ. ನಡೀರಿ, ನಡೀರಿ."

ಟ್ಯಾಕ್ಸಿ ಹೋಯಿತು. ವ್ಯಾನೂ ಹೋಯಿತು. ಟೈಲರಮ್ಮನ ಬಿಲ್ಲು ಟೈಲರಮ್ಮನಿಗೆ ಸಿಕ್ಕಿತು. ಆತ ಬೆವರು ಒರೆಸಿಕೊಂಡು, ನೀಲಿ ದೀಪದ ದೊಡ್ಡ ಆಸ್ಪತ್ರೆ ವ್ಯಾನಿಗಾಗಿ ಬೀದಿಯ ತುದಿಗೆ ಕಣ್ಣು ನೆಟ್ಟ.

ನಾಲ್ಕಾಯಿತು. ನಾಲ್ಕೂವರೆಯಾಯಿತು. ಅಮ್ಮ ಬರಲು ಒಪ್ಪಲಿಲ್ಲವೇನೋ ಎಂಬ ಯೋಚನೆ ಬಂದಿತು. ನೋವು ಹೆಚ್ಚಾಯಿತೇ, ಡಾಕ್ಟರು ಬಿಡಲಿಲ್ಲವೇ? ಹೋಗಿ ನೋಡೋಣವೆಂದರೆ ಜಾಗ ಬಿಡುವಂತಿಲ್ಲ. ಮಧ್ಯಾಹ್ನದ ಊಟವೂ ಆಗಿರಲಿಲ್ಲ. ಆದರೂ ಕೊಡೆ ನೆಟ್ಟಗೆ ಹಿಡಿದು ನಿಂತ. ಬಾಗಿಲ ಮುಂದೆ ಜಾಗ ಇರುತ್ತದೆಂದು ಅಮ್ಮನಿಗೆ ಮಾತು ಕೊಟ್ಟಿದ್ದ.

ಹಿಂದಿನಿಂದ ಯಾರೋ ಕೆಮ್ಮಿದರು.

"ಯಾರನ್ನ ಕಾಯ್ತಿದ್ದೀಯಪ್ಪ?"

"ನಮ್ಮಮ್ಮ ಬರ್ತಾರೆ. ನೀವು ಮುಂದೆ ಹೋಗಿ," ಎಂದ ಆತ, ಬೀದಿಯ ತುದಿಯಿಂದ ಕಣ್ಣು ಕೀಳದೆ.

"ಇನ್ನೂ ಎಷ್ಟು ಮುಂದೆ ಹೋಗ್ಲೋ? ಮಾರ್ಕೆಟ್ಟೆಲ್ಲ ಒಂದು ಸುತ್ತು ಹಾಕ್ಸಿದ್ದು ಸಾಲ್ದಾ?"

ಆತ ತಿರುಗಿದ. ತೆರೆದ ಬಾಗಿಲಲ್ಲಿ ವಾಕರ್ ಹಿಡಿದು ಅಮ್ಮ ನಿಂತಿದ್ದರು. ಹಿಂದೆ ಹೆಂಡತಿ, ಕೈಯಲ್ಲಿ ಟೀ ಲೋಟ.

"ಆಸ್ಪತ್ರೆ ವ್ಯಾನ್ ಕೆಟ್ಟಿತ್ತು ರೀ, ಟ್ಯಾಕ್ಸಿ ಮಾಡ್ಕೊಂಡ್ವಿ," ಎಂದಳು ಹೆಂಡತಿ. "ನೀವು ಕೈ ಬೀಸಿದ್ದೇ ತಡ, ಡ್ರೈವರ್ ಗಾಡಿ ಬಿಟ್ಟ ನೋಡಿ. ನಮ್ಮನೆಯವರೇ ಕಣಪ್ಪ ಅವರು ಅಂದ್ರೂ ಕೇಳಲಿಲ್ಲ. ಯೂನಿಫಾರ್ಮಿನೋರ ಜೊತೆ ಗಲಾಟೆ ಬೇಡ ಮೇಡಂ ಅಂದ. ಒನ್ ವೇಯಲ್ಲಿ ಸುತ್ತಿ ಸುತ್ತಿ ಹಿಂದಿನ ಗಲ್ಲಿ ಬಾಯಲ್ಲಿ ಇಳಿಸಿ ಹೋದ. ನಾನು ನಿಮಗೆ ಫೋನ್ ಮಾಡ್ತಾನೇ ಇದ್ದೆ. ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದು, ನಿಮ್ಮ ಫೋನ್ ನಾನೇ ಎತ್ತಿದೆ."

"ಗಲ್ಲಿ ಬಾಯಿಂದ ಅಮ್ಮ ಹೇಗೆ ಬಂದ್ರು?"

"ನಡ್ಕೊಂಡು," ಎಂದರು ಅಮ್ಮ, ಬಸ್ಸಿನಲ್ಲಿ ಬಂದೆ ಎನ್ನುವಷ್ಟು ಸಲೀಸಾಗಿ. "ಎರಡು ಸಲ ನಿಂತೆ, ಅಷ್ಟೇ. ಯಾರೂ ಎತ್ತಲಿಲ್ಲ."

ಆತನ ಕಣ್ಣು ತುಂಬಿತು. "ಬಂದು ಎಷ್ಟು ಹೊತ್ತಾಯ್ತು?"

"ಅರ್ಧ ಗಂಟೆ ಆಯ್ತು. ಇವಳು ಆಗಲೇ ಕರೀತೀನಿ ಅಂದ್ಳು. ನಾನೇ ಬೇಡ ಅಂದೆ. ನನಗೇ ನಡೀರಿ ನಡೀರಿ ಅಂದೋನು, ಅವನೂ ಸ್ವಲ್ಪ ನಿಂತಿರ್ಲಿ ಅಂತ ಕಿಟಕಿಯಿಂದ ನೋಡ್ತಾ ಟೀ ಕುಡಿದೆ. ಕೈ ಚೆನ್ನಾಗಿ ಬೀಸ್ತೀಯ."

ಬಾಲ್ಕನಿಯಲ್ಲಿ ಟೈಲರಮ್ಮನ ನಗು ಹೊಲಿಗೆ ಮಷೀನಿಗಿಂತ ಜೋರಾಗಿ ಓಡಿತು. ಮೀಟರ್ ರೀಡರ್ ಸ್ಟೂಲು ಬಿಟ್ಟು, ಮೆಟ್ಟಿಲು ಹತ್ತಿ, ಅಮ್ಮನ ಕೈ ಹಿಡಿದುಕೊಂಡ. ಆತ ಹಿಂತಿರುಗಿ ನೋಡುವಷ್ಟರಲ್ಲಿ ಆರು ಗಂಟೆ ಕಾಪಾಡಿದ ಜಾಗದಲ್ಲಿ ಏಜೆಂಟನ ಕಾರು ನಿಂತಿತ್ತು.

ಮರುದಿನ ಬೆಳಗ್ಗೆ ಅಮ್ಮ ವಾಕರ್ ಹಿಡಿದು, ತಾವಾಗಿಯೇ ಹಿಂದಿನ ಗಲ್ಲಿಯ ಬಾಯಿವರೆಗೆ ಹೋಗಿ ಬಂದರು. ಅದೇ ಹೊತ್ತಿಗೆ ಮುಂದಿನ ಬಾಗಿಲು ಬಡಿದ ಸದ್ದಾಯಿತು. ಮೀಟರ್ ರೀಡರ್ ತೆಗೆದು ನೋಡಿದಾಗ ವಕೀಲ ಮತ್ತು ಇನ್ನಿಬ್ಬರು ಕಾರಿನ ಕೀಲಿಯನ್ನು ಅವನ ಕಡೆ ಚಾಚಿ ನಿಂತಿದ್ದರು.