ಗುದ್ಲೆಪ್ಪ ಮಾಸ್ತರರ ಅಯಸ್ಕಾಂತ

ವೀರವ್ವನ ಸೂಜಿ ಜೋಳದ ಹಿಟ್ಟಿನೊಳಗೆ ಬಿದ್ದದ್ದೇ ಎಲ್ಲಕ್ಕೂ ಮೂಲ.

ಹಿರೇಬೆಂಡಿಗೇರಿ ಶಾಲೆಯ ಗುದ್ಲೆಪ್ಪ ಮಾಸ್ತರರು ಆಕೆಯ ಪಡಸಾಲೆಯಲ್ಲಿ ಬಾಡಿಗೆಗಿದ್ದರು. ಹೆಂಡತಿ ಸರೋಜವ್ವ ಆರು ತಿಂಗಳ ಕೂಸಿನೊಂದಿಗೆ ಹಾನಗಲ್ಲಿನಲ್ಲಿ. ಮಗಳು ಅಪ್ಪನ ಮುಖ ಕಂಡದ್ದು ಎರಡೇ ಸಲ. ಎರಡು ಸಲವೂ ಹೆದರಿ ಅತ್ತಿದ್ದಳು. ಇವತ್ತು ಬರುವ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ಮೆಚ್ಚಿದರೆ ಹಾನಗಲ್ಲಿಗೆ ವರ್ಗ ಕೇಳಬೇಕೆಂದು ಮಾಸ್ತರರು ಹುಬ್ಬಳ್ಳಿಯಿಂದ ಒಂದು ಅಯಸ್ಕಾಂತ ತರಿಸಿದ್ದರು.

ಅದನ್ನೇ ಹಿಟ್ಟಿನ ಮೇಲೆ ಹಿಡಿದರು. ಸೂಜಿ ತವರಿನ ಬಂಡಿ ಕಂಡ ಸೊಸೆಯ ಹಾಗೆ ಎದ್ದು ಬಂತು.

"ಹಾಲವ್ವಾ, ಬಾ ಇಲ್ಲೆ," ವೀರವ್ವ ಗೋಡೆಯಾಚೆ ಕೂಗಿದಳು. "ಮಾಸ್ತರ ಕಬ್ಬಿಣ ಎಂಥಾದ್ದನ್ನೂ ಎಳೀತೈತಿ."

ನೆರೆಮನೆಯ ಹಾಲವ್ವ ಕುಂಟುತ್ತ ಬಂದು ಮೊಣಕಾಲು ಚಾಚಿ ಕುಳಿತಳು. "ಹಂಗಾರ ನನ್ನ ಬ್ಯಾನಿನೂ ಎಳೀಲಿ."

"ಅದು ಕಬ್ಬಿಣ ಅಷ್ಟ ಎಳೀತೈತ್ರಿ, ಅವ್ವಾರ," ಎಂದರು ಮಾಸ್ತರರು.

"ನನ್ನ ಕಾಲೂ ಕಬ್ಬಿಣದಂಗ ಸೆಟದೈತಿ. ಹಿಡೀರಿ ಸುಮ್ನ."

ಹಿಡಿದರು. ಆಕೆ ಹಾಯಾಯಿತೆಂದಳು. ಅರ್ಧ ತಾಸಿನಲ್ಲಿ ಓಣಿಯ ಸೊಂಟ, ಬೆನ್ನು, ಹಲ್ಲುಗಳೆಲ್ಲ ಪಡಸಾಲೆಯಲ್ಲಿ ಸಾಲು ಹಿಡಿದವು. ಮಾಸ್ತರರು ಹೇಗೋ ನುಸುಳಿ ಜಳಕ ಮಾಡಿ ಬರುವಷ್ಟರಲ್ಲಿ ಅಯಸ್ಕಾಂತ ವೀರವ್ವನ ಒಲೆಯ ಕೆಂಡದಲ್ಲಿ ಕೆಂಪಗೆ ಹೊಳೆಯುತ್ತಿತ್ತು.

"ಬ್ಯಾನಿ ಕಳಿಯೂ ಕಬ್ಬಿಣ, ದೇವರ ಜಗಲಿ ಮ್ಯಾಲೆ ಇಡಬೇಕಂದೆ. ಮಂದಿ ಕಾಲು ಸೊಂಟ ಮುಟ್ಟಿದ್ದನ್ನ ಹಂಗ ಹ್ಯಾಂಗ ಇಡೂದ್ರಿ? ಅದಕ್ಕ ಮೈಲಿಗಿ ಸುಡಾಕತ್ತೇನಿ," ಎಂದ ವೀರವ್ವ ಅದನ್ನು ನೀರಿನಲ್ಲಿ ಅದ್ದಿ, ವಿಭೂತಿ ಹಚ್ಚಿ ಕೊಟ್ಟಳು.

ಶಾಲೆಯಲ್ಲಿ ಸಾಹೇಬರೆದುರು ಮಾಸ್ತರರು ಅದನ್ನು ಮೊಳೆಯ ಮೇಲೆ ಹಿಡಿದರು. ಮೊಳೆ ಮಿಸುಕಲಿಲ್ಲ. ಉಜ್ಜಿ ಹಿಡಿದರು. ಉಂಡು ಮಲಗಿದ ಮಾವನ ಹಾಗೆ ಅದು ಬಿದ್ದೇ ಇತ್ತು.

ಅಷ್ಟರಲ್ಲಿ, ಸರದಿ ಸಿಗದೆ ಬೆನ್ನು ಹತ್ತಿ ಬಂದಿದ್ದ ಹೆಂಗಸರು ವೀರವ್ವ, ಹಾಲವ್ವರ ಜೊತೆ ಬಾಗಿಲು ದಾಟಿ ಒಳಗೆ ನುಗ್ಗಿದರು.

"ಮುಂಜಾನೆ ಎಳದೈತ್ರಿ ಸಾಹೇಬ್ರ, ನನ್ನ ಕಾಲ ಸಾಕ್ಷಿ," ಎಂದಳು ಹಾಲವ್ವ.

"ನಾ ಸುಟ್ಟಿದ್ದು ತಪ್ಪಾತೇನ್ರಿ?" ವೀರವ್ವನ ದನಿ ಇಳಿದಿತ್ತು.

ಕೆಂಪಗೆ ಕಾದರೆ ಅಯಸ್ಕಾಂತದ ಶಕ್ತಿ ಅಳಿಯುತ್ತದೆಂದು ಮಾಸ್ತರರು ವಿವರಿಸಿದರು. ಹೆಂಗಸರು ಹುಡುಗರ ನಡುವೆ ಕುಳಿತು ಪ್ರಶ್ನೆ ಕೇಳಿದರು. ಪಾಠ ಒಂದು ತಾಸು ನಡೆಯಿತು.

"ಹತ್ತೂರು ತಿರುಗೇನಿ," ಎಂದರು ಸಾಹೇಬರು. "ಸಾಲಿ ಹೊಸ್ತಲಾ ದಾಟಿದ ತಾಯಿ ಒಬ್ಬಾಕಿನೂ ಕಾಣಲಿಲ್ಲ. ಇಲ್ಲೆ ಅರ್ಧ ಊರ ಕುಂತೈತಿ. ಖರೇ ಅಯಸ್ಕಾಂತ ನೀವ ನೋಡ್ರಿ, ಮಾಸ್ತರ."

ಮಾಸ್ತರರು ತಡಮಾಡದೆ ವರ್ಗದ ಅರ್ಜಿ ಮುಂದಿಟ್ಟರು. ಸಾಹೇಬರು ನಗುತ್ತ ಅದರ ಮೇಲೆಯೇ ಷರಾ ಬರೆದು ಕೊಟ್ಟರು.

"ಏನ ಬರದಾರ್ರಿ? ಓದ್ರಿ," ಎಂದಳು ಹಾಲವ್ವ.

ಮಾಸ್ತರರು ಓದಿದರು: "ಇಂಥ ಮಾಸ್ತರರನ್ನು ಐದು ವರ್ಷ ಈ ಊರಿನಿಂದ ಕದಲಿಸಕೂಡದು."

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.